ಗುಳಿಬಿದ್ದ ಚೆಂಡಿನ ಚರಿತ್ರೆ

ಗಾಲ್ಫ್ ಚೆಂಡಿನ ಮೈಮೇಲೆ ಮುನ್ನೂರರಿಂದ ನಾನೂರು ಸಣ್ಣ ಗುಳಿಗಳಿರುತ್ತವೆ. ಒಂದೊಂದರ ಆಳ ಕಾಲು ಮಿಲಿಮೀಟರಿನ ಆಸುಪಾಸು. ಗುಳಿಗಳಿಲ್ಲದ ನುಣುಪು ಚೆಂಡನ್ನು ಅಷ್ಟೇ ಬಲದಿಂದ ಹೊಡೆದರೆ ಅದು ಹೆಚ್ಚುಕಡಿಮೆ ಅರ್ಧ ದೂರಕ್ಕೇ ಬಿದ್ದುಬಿಡುತ್ತದೆ. ಮೈ ಒರಟಾದ ಚೆಂಡು ಚೆನ್ನಾಗಿ ಹಾರುತ್ತದೆ ಎನ್ನುವುದು ಸ್ಕಾಟ್ಲೆಂಡಿನ ಆಟಗಾರರಿಗೆ 1850ರ ಹೊತ್ತಿಗೇ ಗೊತ್ತಾಗಿತ್ತು. ಅದು ಹಾಗೇಕೆ ಎಂದು ಭೌತವಿಜ್ಞಾನ ಖಚಿತವಾಗಿ ತೋರಿಸಿಕೊಟ್ಟದ್ದು 1914ರಲ್ಲಿ. ನಡುವಿನ ಅರವತ್ತು ಚಿಲ್ಲರೆ ವರ್ಷಗಳಲ್ಲಿ ನಡೆದದ್ದನ್ನೂ ಅನಂತರ ನಡೆದದ್ದನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಏನು ಮಾಡಿದರೆ ಚೆಂಡು ಚೆನ್ನಾಗಿ ಹೋಗುತ್ತದೆ ಎಂಬುದನ್ನು ಆಟಗಾರನ ಕೈ ಮತ್ತೆ ಮತ್ತೆ ಸರಿಯಾಗಿಯೇ ಕಂಡುಕೊಂಡಿದೆ. ಕಾರಣದ ವಿಚಾರಕ್ಕೆ ಬಂದಾಗ ಮಾತ್ರ ಅದೇ ಅನುಭವ ಸುಮ್ಮನಿದೆ, ಇಲ್ಲವೇ ತಪ್ಪು ಹೇಳಿದೆ. ಆ ತಪ್ಪನ್ನು ತಿದ್ದಿದ್ದು ಅಳತೆ. ಚೆಂಡಿನ ಚರಿತ್ರೆಯನ್ನು ಸಾಮಾನ್ಯವಾಗಿ ಗರಿ, ಅಂಟು, ರಬ್ಬರು, ಪ್ಲಾಸ್ಟಿಕ್ಕು ಎಂದು ಸಾಮಗ್ರಿಗಳ ಸಾಲಾಗಿ ಬರೆಯುತ್ತಾರೆ. ಅದು ಅಳತೆಯ ಚರಿತ್ರೆಯೂ ಹೌದು, ಮತ್ತು ಹಾಗೆ ಓದಿದಾಗಲೇ ಅದರ ತಿರುವುಗಳು ಅರ್ಥವಾಗುತ್ತವೆ.

ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಚೆಂಡೆಂದರೆ ಗರಿಯ ಚೆಂಡು. ತೊಗಲಿನ ತುಂಡುಗಳನ್ನು ಪಟಿಕದ ನೀರಿನಲ್ಲಿ ನೆನೆಸಿ, ಹೊಲಿದು, ಹೊಲಿಗೆ ಒಳಗಾಗುವಂತೆ ಮಗುಚಿಹಾಕುತ್ತಿದ್ದರು. ಬಿಟ್ಟಿದ್ದ ಸಣ್ಣ ಕಂಡಿಯಿಂದ ಬೇಯಿಸಿದ ಹಸಿ ಗರಿಯನ್ನು ತುರುಕಬೇಕು. ಎತ್ತರದ ಹ್ಯಾಟೊಂದರ ತುಂಬ ಹಿಡಿಯುವಷ್ಟು ಗರಿ ಮುಷ್ಟಿಗಿಂತ ಚಿಕ್ಕದಾದ ಚೀಲದೊಳಗೆ ಹೋಗಬೇಕು. ಕೊನೆಕೊನೆಗೆ ಕೈಯ ಬಲ ಸಾಲುತ್ತಿರಲಿಲ್ಲ. ಕಬ್ಬಿಣದ ಸಲಾಕೆಯ ಮರದ ಹಿಡಿಯನ್ನು ಎದೆಗೆ ಆನಿಸಿಕೊಂಡು ಮೈಭಾರವನ್ನೆಲ್ಲ ಬಿಡಬೇಕಿತ್ತು. ಕಂಡಿ ಹೊಲಿದು ಒಣಗಲು ಇಟ್ಟಾಗ ಗರಿ ಹಿಗ್ಗುತ್ತದೆ, ತೊಗಲು ಕುಗ್ಗುತ್ತದೆ. ಆ ಜಗ್ಗಾಟದಿಂದಲೇ ಚೆಂಡು ಗಟ್ಟಿಯಾಗುತ್ತಿತ್ತು. ನುರಿತವನೊಬ್ಬ ದಿನಕ್ಕೆ ಮೂರೋ ನಾಲ್ಕೋ ಚೆಂಡು ಮಾಡಿದರೆ ಹೆಚ್ಚು. ಸೇಂಟ್ ಆಂಡ್ರ್ಯೂಸಿನ ಅಲನ್ ರಾಬರ್ಟ್‌ಸನ್‌ನ ಕಮ್ಮಟದಲ್ಲಿ 1844ರ ಒಂದೇ ವರ್ಷ 2,456 ಚೆಂಡು ತಯಾರಾದವು ಎಂಬ ದಾಖಲೆಯ ಹಿಂದೆ ಎಷ್ಟು ಎದೆಗಳ ಒತ್ತಡವಿತ್ತು ಎಂದು ಯೋಚಿಸಬೇಕು. ಗರಿಯ ಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡ ಕೆಲಸಗಾರರೂ ಇದ್ದರು.

ಈ ಕಸುಬನ್ನು ಕೆಲವೇ ವರ್ಷಗಳಲ್ಲಿ ಮುಗಿಸಿದ್ದು ಮಲಯ ಕಾಡಿನ ಒಂದು ಮರದ ಹಾಲು. ಗಟ್ಟಾ ಪರ್ಚಾ ಎಂಬ ಆ ಅಂಟನ್ನು ಸಿಂಗಪುರದಲ್ಲಿದ್ದ ವೈದ್ಯ ವಿಲಿಯಂ ಮಾಂಟ್‌ಗೊಮರಿ 1843ರಲ್ಲಿ ಲಂಡನ್ನಿಗೆ ಕಳುಹಿಸಿದ್ದ. ಬಿಸಿನೀರಿನಲ್ಲಿ ಮೆತ್ತಗಾಗಿ, ಆರಿದಾಗ ಗಟ್ಟಿಯಾಗುವ ಗುಣ ಅದಕ್ಕಿತ್ತು. ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಗಿ ಅದು ಬೇಕಾಯಿತು. ತಂತಿಗಳ ಆ ದೊಡ್ಡ ಹಸಿವಿಗಾಗಿಯೇ ಮಲಯದಲ್ಲಿ ಲೆಕ್ಕವಿಲ್ಲದಷ್ಟು ಮರಗಳು ಉರುಳಿದವು ಎಂಬುದನ್ನು ಗಾಲ್ಫಿನ ಪುಸ್ತಕಗಳು ಹೇಳುವುದಿಲ್ಲ, ಹೇಳಬೇಕು. 1848ರ ಸುಮಾರಿಗೆ ಚೆಂಡೂ ಅದರಿಂದಲೇ ಆಗತೊಡಗಿತು. ಗರಿಯ ಚೆಂಡಿಗಿಂತ ಬಹಳ ಅಗ್ಗ, ನೆನೆದರೆ ಕೆಡದು, ಒಡೆದರೆ ಕಾಯಿಸಿ ಮತ್ತೆ ಉಂಡೆ ಕಟ್ಟಬಹುದು. ರಾಬರ್ಟ್‌ಸನ್ ಅದನ್ನು ವೈರಿಯಂತೆ ಕಂಡ. ಅವನ ಕೈಕೆಳಗಿದ್ದ ಟಾಮ್ ಮಾರಿಸ್ ಅದರಲ್ಲಿ ಆಡಿದನೆಂದು ಇಬ್ಬರಿಗೂ ಮಾತು ಬೆಳೆದು, ಮಾರಿಸ್ 1851ರಲ್ಲಿ ಪ್ರೆಸ್ಟ್‌ವಿಕ್‌ಗೆ ಹೊರಟುಹೋದ. ಆದರೆ ಹೊಸ ಚೆಂಡಿಗೂ ಒಂದು ದೋಷವಿತ್ತು. ಅಚ್ಚುಕಟ್ಟಾಗಿ ನುಣುಪು ಮಾಡಿದ ಚೆಂಡು ಸ್ವಲ್ಪ ಹಾರಿ ಥಟ್ಟನೆ ಮುಗ್ಗರಿಸಿ ಕೆಳಗಿಳಿಯುತ್ತಿತ್ತು. ಹೊಡೆದು ಹೊಡೆದು ಗಾಯವಾದ ಹಳೆಯ ಚೆಂಡು ಮಾತ್ರ ಸೊಗಸಾಗಿ ಹೋಗುತ್ತಿತ್ತು. ಇದನ್ನು ಗಮನಿಸಿದವರು ಹೊಸ ಚೆಂಡನ್ನೇ ಸುತ್ತಿಗೆಯಿಂದ ಕುಟ್ಟಿ ಗೆರೆ ಮೂಡಿಸತೊಡಗಿದರು. ಆಮೇಲೆ ಆ ಗೆರೆಗಳು ಅಚ್ಚಿನಲ್ಲೇ ಬಂದವು.

ಇಲ್ಲಿಯವರೆಗಿನದು ಅನುಭವದ ಗೆಲುವು. ಅದನ್ನು ಪೂರ್ತಿ ಒಪ್ಪುತ್ತೇನೆ. ಯಾವ ಪ್ರಯೋಗಾಲಯವೂ ಈ ಸುತ್ತಿಗೆಯ ಏಟನ್ನು ಹೇಳಿಕೊಡಲಿಲ್ಲ. ಆದರೆ ಮುಂದೇನಾಯಿತು ನೋಡಿ. ಒರಟು ಬೇಕು ಎಂದು ಗೊತ್ತಾಯಿತೇ ಹೊರತು ಎಂಥ ಒರಟು, ಎಷ್ಟು, ಯಾತಕ್ಕೆ ಎಂಬುದು ಗೊತ್ತಾಗಲಿಲ್ಲ. ಹಾಗಾಗಿ ತಯಾರಕರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಡ್ಡಗೆರೆ, ಜಾಲರಿ, ಉಬ್ಬು, ವೃತ್ತ ಎಂದು ಕಣ್ಣಿಗೆ ತೋಚಿದ ವಿನ್ಯಾಸಗಳನ್ನೆಲ್ಲ ಅಚ್ಚೊತ್ತಿ ಮಾರಿದರು. ಲೆಸ್ಟರ್‌ನಲ್ಲಿ ಮಸೂರಗಳನ್ನು ತಯಾರಿಸುತ್ತಿದ್ದ ವಿಲಿಯಂ ಟೇಲರ್ 1905ರಲ್ಲಿ ಉಬ್ಬುಗಳನ್ನು ತಿರುವುಮುರುವು ಮಾಡಿ ದುಂಡು ಗುಳಿಗಳ ಚೆಂಡಿಗೆ ಪೇಟೆಂಟ್ ಪಡೆದ. ಅದರ ನಂತರವೂ ಚೌಕುಳಿ ಜಾಲರಿಯ ಚೆಂಡು ವರ್ಷಗಟ್ಟಲೆ ಮಾರಾಟವಾಗುತ್ತಲೇ ಇತ್ತು. ಕಾರಣ ಗೊತ್ತಿಲ್ಲದ ಅನುಭವ ಒಂದು ಮೆಟ್ಟಿಲು ಹತ್ತಿ ಅಲ್ಲೇ ನಿಲ್ಲುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು.

ಅಳತೆಯ ಕೆಲಸ ಶುರುವಾದದ್ದು ಎಡಿನ್‌ಬರೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪೀಟರ್ ಗತ್ರಿ ಟೇಟ್‌ನಿಂದ. ಅವನ ಕೈಗೆ ಸಿಕ್ಕ ಮೊದಲ ಎಳೆ ಗಡಿಯಾರ. ಚೆನ್ನಾಗಿ ಹೊಡೆದ ಚೆಂಡು ಆರು ಸೆಕೆಂಡಿನಷ್ಟು ಕಾಲ ಗಾಳಿಯಲ್ಲಿರುತ್ತಿತ್ತು. ಅಷ್ಟು ತಗ್ಗಾಗಿ ಹೊರಟ ಚೆಂಡು, ಗುರುತ್ವ ಮತ್ತು ಗಾಳಿಯ ತಡೆ ಎರಡೇ ಅದರ ಮೇಲೆ ಕೆಲಸ ಮಾಡುತ್ತಿದ್ದರೆ, ಅಷ್ಟು ಹೊತ್ತು ಮೇಲಿರಲು ಸಾಧ್ಯವೇ ಇರಲಿಲ್ಲ. ಏನೋ ಒಂದು ಅದನ್ನು ಎತ್ತಿ ಹಿಡಿದಿತ್ತು. ಅದು ಹಿಮ್ಮುಖ ತಿರುಗು, ಇಂದು ಎಲ್ಲರೂ ಬ್ಯಾಕ್‌ಸ್ಪಿನ್ ಎನ್ನುವುದು. ಅದನ್ನು ಅವನು ಅಳೆದ ಬಗೆ ಬಹಳ ಸರಳ. ಉದ್ದನೆಯ ಪಟ್ಟಿಯ ಒಂದು ತುದಿಯನ್ನು ಚೆಂಡಿಗೆ, ಇನ್ನೊಂದನ್ನು ನೆಲಕ್ಕೆ ಕಟ್ಟಿ, ಕೆಲವೇ ಅಡಿ ಮುಂದಿದ್ದ ಜೇಡಿಮಣ್ಣಿನ ಗೋಡೆಗೆ ಹೊಡೆಸಿದ. ಚೆಂಡು ಮಣ್ಣಿನಲ್ಲಿ ಹೂತ ಮೇಲೆ ಪಟ್ಟಿಗೆ ಎಷ್ಟು ಹುರಿ ಬಿದ್ದಿದೆ ಎಂದು ಎಣಿಸಿದರಾಯಿತು. ವೇಗ ಅಳೆಯಲು ತೂಗುಗುಂಡನ್ನು ಬಳಸಿದ. ಅದು ಬಂದೂಕಿನ ಗುಂಡಿಗಾಗಿ ಬೆಂಜಮಿನ್ ರಾಬಿನ್ಸ್ 1742ರಲ್ಲಿ ವಿವರಿಸಿದ್ದ ಉಪಕರಣ. ಈಸ್ಟ್ ಇಂಡಿಯಾ ಕಂಪನಿಯ ಕೋಟೆ ಕಟ್ಟಿಸಲು ಬಂದ ಆ ರಾಬಿನ್ಸ್ 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಟೇಟ್‌ನ ಫಲಿತಾಂಶ ಆಟಗಾರರ ನಂಬಿಕೆಗೆ ತೀರ ವಿರುದ್ಧವಾಗಿತ್ತು. ತಿರುಗು ಎಂದರೆ ಕೆಡುಕು, ಅದನ್ನು ಆದಷ್ಟೂ ತಪ್ಪಿಸಬೇಕು ಎಂಬುದೇ ಆಗಿನ ಪಾಠ. ಟೇಟ್ ಸ್ವತಃ ಆ ಪಾಠ ಕಲಿತೇ ಬೆಳೆದವನು. ಪಾಠ ಒಪ್ಪಿಸುತ್ತಿದ್ದ ಒಳ್ಳೆಯ ಆಟಗಾರರೆಲ್ಲ ತಮಗೇ ತಿಳಿಯದೆ ಆ ತಿರುಗನ್ನು ಕೊಡುತ್ತಿದ್ದರು, ಅದರಿಂದಲೇ ಗೆಲ್ಲುತ್ತಿದ್ದರು.

ಟೇಟ್‌ನ ವಿಷಯ ಬಂದಾಗಲೆಲ್ಲ ಒಂದು ಕಥೆ ಎದುರಿಗೆ ನಿಲ್ಲುತ್ತದೆ. ಚೆಂಡು ಇಷ್ಟು ದೂರಕ್ಕಿಂತ ಹೆಚ್ಚು ಹೋಗದು ಎಂದು ತಂದೆ ಗಣಿತದಿಂದ ಸಾಧಿಸಿದ, ಮಗ ಫ್ರೆಡ್ಡಿ ಮರುದಿನವೇ ಅದನ್ನು ಮೀರಿಸಿ ಹೊಡೆದ ಎಂಬುದು ಆ ಕಥೆ. ಫ್ರೆಡ್ಡಿ ಟೇಟ್ 1896 ಮತ್ತು 1898ರ ಬ್ರಿಟಿಷ್ ಅಮೆಚೂರ್ ಚಾಂಪಿಯನ್. 1900ರಲ್ಲಿ ಬೋಯರ್ ಯುದ್ಧದಲ್ಲಿ ಮಡಿದ. ಪುಸ್ತಕದ ವಿದ್ಯೆಯನ್ನು ಮೈದಾನ ಸೋಲಿಸಿತು ಎನ್ನಲು ಈ ಕಥೆಯನ್ನು ಬಳಸುತ್ತಾರೆ. ನಡೆದದ್ದು ಬೇರೆ. ತಿರುಗನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಗಣಿತಕ್ಕೂ ಮೈದಾನದ ಹೊಡೆತಗಳಿಗೂ ತಾಳೆಯಾಗದ್ದನ್ನು ಮೊದಲು ಗುರುತಿಸಿದವನೇ ತಂದೆ; ಆ ಅಂತರದಿಂದಲೇ ಅವನಿಗೆ ತಿರುಗಿನ ಸುಳಿವು ಸಿಕ್ಕಿತು. ಲೆಕ್ಕ ತಪ್ಪಿದಾಗ ಎಲ್ಲಿ ತಪ್ಪಿತು ಎಂದು ಹುಡುಕಲು ಸಾಧ್ಯವಾಗುವುದು ಲೆಕ್ಕ ಇದ್ದರೆ ಮಾತ್ರ. ಅವನ ದೀರ್ಘ ಪ್ರಬಂಧಗಳು 1893 ಮತ್ತು 1896ರಲ್ಲಿ ಎಡಿನ್‌ಬರೊದ ರಾಯಲ್ ಸೊಸೈಟಿಯ ಸಂಪುಟಗಳಲ್ಲಿ ಬಂದವು. 1910ರಲ್ಲಿ ಜೆ. ಜೆ. ಥಾಮ್ಸನ್, ಎಲೆಕ್ಟ್ರಾನನ್ನು ಕಂಡುಹಿಡಿದವನೇ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಗಾಲ್ಫ್ ಚೆಂಡಿನ ಬಗ್ಗೆಯೇ ಉಪನ್ಯಾಸ ಕೊಟ್ಟು, ವಿದ್ಯುತ್ಕಣಗಳ ಹೊಳೆಯುವ ಗೆರೆಯನ್ನು ಬಗ್ಗಿಸಿ ಚೆಂಡಿನ ದಾರಿಗಳನ್ನು ಸಭಿಕರ ಕಣ್ಣೆದುರು ಬಿಡಿಸಿ ತೋರಿಸಿದ.

ಗುಳಿಯ ಗುಟ್ಟು ಹೊರಬಿದ್ದದ್ದು ಗಾಲ್ಫಿನ ಗೊಡವೆಯೇ ಇಲ್ಲದವರಿಂದ. ಗೋಪುರದ ಎಂಜಿನಿಯರ್ ಗುಸ್ತಾವ್ ಐಫೆಲ್ 1912ರಲ್ಲಿ ತನ್ನ ಗಾಳಿಸುರಂಗದಲ್ಲಿ ಗೋಲಗಳನ್ನಿಟ್ಟು ಅಳೆದಾಗ, ಒಂದು ವೇಗ ದಾಟಿದ ಕೂಡಲೇ ಗಾಳಿಯ ತಡೆ ಹೆಚ್ಚುವ ಬದಲು ಧಡಕ್ಕನೆ ಇಳಿಯಿತು. 1914ರಲ್ಲಿ ಗಟ್ಟಿಂಗೆನ್ನಿನ ಲುಡ್ವಿಗ್ ಪ್ರಾಂಟ್ಲ್ ಗೋಲಕ್ಕೆ ತೆಳುವಾದ ತಂತಿಯ ಬಳೆ ತೊಡಿಸಿ, ಕಡಿಮೆ ವೇಗದಲ್ಲೇ ಅದೇ ಇಳಿತವನ್ನು ತರಿಸಿದ. ಗೋಲಕ್ಕೆ ಅಂಟಿಕೊಂಡು ಹರಿಯುವ ಗಾಳಿಯ ತೆಳುಪದರ ಶಾಂತವಾಗಿದ್ದರೆ ಬೇಗ ಕಿತ್ತುಕೊಂಡು ಹಿಂದೆ ಅಗಲವಾದ ಸುಳಿಯನ್ನು ಬಿಡುತ್ತದೆ. ಆ ಸುಳಿಯೇ ಚೆಂಡನ್ನು ಹಿಂದಕ್ಕೆಳೆಯುವುದು. ಪದರವನ್ನು ಕದಡಿದರೆ ಅದು ಇನ್ನಷ್ಟು ದೂರ ಅಂಟಿಕೊಂಡಿರುತ್ತದೆ, ಸುಳಿ ಕಿರಿದಾಗುತ್ತದೆ. ಸೇಂಟ್ ಆಂಡ್ರ್ಯೂಸಿನ ಸುತ್ತಿಗೆ ಮಾಡುತ್ತಿದ್ದದ್ದೂ ಪ್ರಾಂಟ್ಲ್‌ನ ತಂತಿ ಮಾಡಿದ್ದೂ ಒಂದೇ ಕೆಲಸ. ಆ ಹೊತ್ತಿಗೆ ಚೆಂಡಿನ ಒಡಲೂ ಬದಲಾಗಿತ್ತು. ಕ್ಲೀವ್‌ಲ್ಯಾಂಡಿನ ಕೋಬರ್ನ್ ಹ್ಯಾಸ್ಕೆಲ್ 1899ರಲ್ಲಿ ಪೇಟೆಂಟ್ ಪಡೆದ, ರಬ್ಬರ್ ನೂಲು ಬಿಗಿದು ಸುತ್ತಿದ ಚೆಂಡಿನಿಂದ ಸ್ಯಾಂಡಿ ಹರ್ಡ್ 1902ರ ಬ್ರಿಟಿಷ್ ಓಪನ್ ಗೆದ್ದ ಮೇಲೆ ಹಳೆಯ ಅಂಟಿನ ಚೆಂಡಿನ ಕಾಲ ಮುಗಿಯಿತು.

ಕ್ಲಬ್ ಎಂಬ ಕೋಲನ್ನು ಬೀಸುವ ಸ್ವಿಂಗ್‌ನ ವಿಚಾರದಲ್ಲಿ ಅನುಭವ ಇನ್ನೂ ದೊಡ್ಡ ಮೋಸ ಮಾಡಿತ್ತು. ಕ್ಲಬ್ಬಿನ ಮುಖಕ್ಕೂ ಚೆಂಡಿಗೂ ತಾಗು ಇರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಕೈಗೆ ಏಟಿನ ಅರಿವಾಗುವ ಮೊದಲೇ ಚೆಂಡು ಹೊರಟುಹೋಗಿರುತ್ತದೆ. ಹಾಗಿದ್ದೂ ಚೆಂಡನ್ನು ಕ್ಲಬ್ಬಿನ ಮೇಲೆ ಹಿಡಿದಿಟ್ಟು ದಾರಿ ತೋರಿಸುತ್ತೇವೆ ಎಂದು ದೊಡ್ಡ ಆಟಗಾರರು ಮನಸಾರೆ ನಂಬಿದ್ದರು. ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಮಿಂಚುದೀಪದ ಛಾಯಾಚಿತ್ರಗಳಲ್ಲಿ ಬಾಬಿ ಜೋನ್ಸ್‌ನಂಥವರ ಸ್ವಿಂಗನ್ನು ತುಂಡುತುಂಡಾಗಿ ಸೆರೆಹಿಡಿದಾಗಲೇ ಕಣ್ಣಿಗೆ ಕಾಣದ್ದು ಕಂಡದ್ದು. ಚೆಂಡು ಕ್ಲಬ್ ಬೀಸಿದ ದಿಕ್ಕಿಗೆ ಹೊರಟು, ಆಮೇಲೆ ಕ್ಲಬ್ಬಿನ ಮುಖ ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂದು ತರಬೇತುದಾರರು ತಲೆಮಾರುಗಟ್ಟಲೆ ಹೇಳಿಕೊಟ್ಟರು. ಚೆಂಡು ಹೊರಡುವುದು ಬಹುಪಾಲು ಮುಖ ನೋಡುತ್ತಿರುವ ಕಡೆಗೇ ಎಂಬುದು ಕಾಕ್ರನ್ ಮತ್ತು ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ಬ್ರಿಟಿಷ್ ಅಧ್ಯಯನದಲ್ಲೇ ಇತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2003ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ಟ್ರ್ಯಾಕ್‌ಮ್ಯಾನ್ ಎಂಬ ಕಂಪನಿ ಡಾಪ್ಲರ್ ರೇಡಾರನ್ನು, ಅಂದರೆ ಮತ್ತೆ ಗುಂಡಿನ ಬೆನ್ನುಹತ್ತುವ ತಂತ್ರವನ್ನೇ, ಗಾಲ್ಫ್ ಚೆಂಡಿನ ಹಿಂದೆ ಹಚ್ಚಿತು. ಹೊಡೆದ ಮರುಕ್ಷಣವೇ ಅಂಕಿ ಎದುರಿಗೆ ಬಂದಾಗ ಹಳೆಯ ಪಾಠ ಉಳಿಯಲಿಲ್ಲ. ಹಳೆಯ ಪಾಠ ನಂಬಿದ್ದವರೂ ಗೆಲ್ಲುತ್ತಿದ್ದರಲ್ಲ ಎನ್ನಬಹುದು. ಗೆಲ್ಲುತ್ತಿದ್ದರು, ನಿಜ, ಅವರ ಮೈ ಬೇರೆಯದನ್ನು ಮಾಡುತ್ತಿತ್ತು. ತೊಂದರೆಯಾದದ್ದು ಅವರ ಮಾತು ಕೇಳಿ ಕಲಿಯಲು ಹೋದ ಸಾಮಾನ್ಯರಿಗೆ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅಳತೆ ಬಂದ ಮೇಲೆ ಆಟ ದೂರದ ಪೈಪೋಟಿಯಾಯಿತು, ಹಳೆಯ ಮೈದಾನಗಳು ಚಿಕ್ಕದಾದವು, ಉದ್ದ ಹೆಚ್ಚಿಸಲು ನೆಲವೂ ನೀರೂ ಹೆಚ್ಚು ಬೇಕಾದವು ಎಂಬುದು. ಇದು ಸುಳ್ಳಲ್ಲ. ಆದರೆ ದೂರದ ಆಸೆ ಅಳತೆಗಿಂತ ಹಳೆಯದು; ಅದಕ್ಕೆ ಬೇಲಿ ಹಾಕಲು ಸಾಧ್ಯವಾದದ್ದು ಅಳತೆಯಿಂದಲೇ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1942ರಲ್ಲಿ ಚೆಂಡಿನ ಆರಂಭಿಕ ವೇಗವನ್ನು ಸೆಕೆಂಡಿಗೆ 250 ಅಡಿಗೆ ಮಿತಿಗೊಳಿಸಿತು, 1976ರಲ್ಲಿ ಒಟ್ಟು ದೂರಕ್ಕೂ ಮಿತಿ ತಂದಿತು. ವಕ್ರ ಹೊಡೆತವನ್ನು ತಾನೇ ನೇರ ಮಾಡಿಕೊಳ್ಳುವಂತೆ ಗುಳಿಗಳನ್ನು ಜೋಡಿಸಿದ ಪೊಲಾರಾ ಚೆಂಡು 1970ರ ದಶಕದಲ್ಲಿ ಬಂದಾಗ, ಚೆಂಡು ಯಾವ ಕಡೆಯಿಂದ ಹೊಡೆದರೂ ಒಂದೇ ರೀತಿ ಹಾರಬೇಕೆಂಬ ನಿಯಮ 1981ರಲ್ಲಿ ಸೇರಿತು. ಹಾರಾಟವನ್ನು ಅಳೆಯಲು ಬಾರದಿದ್ದರೆ ಅಂಥ ನಿಯಮವನ್ನು ಬರೆಯಲೂ ಆಗುತ್ತಿರಲಿಲ್ಲ, ಜಾರಿ ಮಾಡಲೂ ಆಗುತ್ತಿರಲಿಲ್ಲ.

ಅಂಕಿಗಳು ಆಟವನ್ನು ಪೂರ್ತಿ ಹಿಡಿಯುವುದಿಲ್ಲ ಎಂಬುದನ್ನೂ ಒಪ್ಪಬೇಕು. 1876ರಿಂದ ಗಾಲ್ಫ್ ಕ್ಲಬ್ ಇರುವ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ, ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದೂ, ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಅವರನ್ನು ಅಲ್ಲಿಗೆ ಕೊಂಡೊಯ್ದದ್ದು ಹಸಿರಿನ ಮೇಲಿನ ಪಟ್ಟಿಂಗ್. ಇದು ಅಳತೆ ವ್ಯರ್ಥ ಎಂದು ಹೇಳುವುದಿಲ್ಲ. ದೂರವೊಂದನ್ನೇ ಅಳೆದು ಸುಮ್ಮನಾಗಬಾರದು ಎಂದು ಹೇಳುತ್ತದೆ. ಅದಕ್ಕಾಗಿಯೇ ಆಟದ ನಿಯಮಗಳನ್ನು ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು 2023ರ ಡಿಸೆಂಬರಿನಲ್ಲಿ ಕೈಗೊಂಡ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ದೂರದ ಮಿತಿಯನ್ನು ಅವರು ಹಾಗೇ ಇಟ್ಟರು. ಆದರೆ ಚೆಂಡನ್ನು ಪರೀಕ್ಷಿಸುವಾಗ ಕ್ಲಬ್ಬಿನ ವೇಗ ಗಂಟೆಗೆ 120 ಮೈಲಿಯ ಬದಲು 125 ಮೈಲಿ ಇರಬೇಕು ಎಂದರು. ಇಂದು ಮಿತಿಯ ಅಂಚಿನಲ್ಲಿರುವ ಚೆಂಡುಗಳು ಆ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.