ವಿಕಿಪೀಡಿಯದಲ್ಲಿ ನಮ್ಮೂರಿನ ಮಾಹಿತಿ ತಿದ್ದೋದು ಹೇಗೆ? ಹೊಸಬರು ತಿಳಿದಿರಬೇಕಾದ್ದು

ಉಡುಪಿ: ಊರಿನ ಹೆಸರು ಗೂಗಲ್‌ನಲ್ಲಿ ಹಾಕಿದರೆ ಹೆಚ್ಚಾಗಿ ಮೇಲೆಯೇ ಕಾಣೋದು ವಿಕಿಪೀಡಿಯ. ಅದರಲ್ಲಿ ತಪ್ಪಿದ್ದರೆ ಓದುಗರೇ ತಿದ್ದಬಹುದು, ದುಡ್ಡು ಕೊಡಬೇಕಾಗಿಲ್ಲ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಕನ್ನಡ ಲಿಪಿಯಲ್ಲೇ ಇರುವ ತುಳು ವಿಕಿಪೀಡಿಯ 2016ರಲ್ಲಿ ಬಂತು.

ಮೊದಲು ಏನು ಮಾಡಬೇಕು?
ಖಾತೆ ತೆರೆಯಿರಿ, ಅಂಗಡಿ ಹೆಸರಲ್ಲಿ ಬೇಡ. ಅಭ್ಯಾಸಕ್ಕೆ ‘ಪ್ರಯೋಗಪುಟ’ ಇದೆ, ಅಲ್ಲಿ ತಪ್ಪಾದರೂ ತೊಂದರೆ ಇಲ್ಲ. ಆಮೇಲೆ ಸಣ್ಣ ತಿದ್ದುಪಡಿ ಮಾಡಿ. ಕಾರ್ಕಳದ ಗೊಮ್ಮಟ ಮೂರ್ತಿ 1432ರದ್ದು, ಕಾಪು ದೀಪಸ್ತಂಭ 1901ರದ್ದು. ಇಂಥ ಇಸವಿ ಬರೆಯುವಾಗ ಪುಸ್ತಕ ಅಥವಾ ಪತ್ರಿಕೆಯ ಉಲ್ಲೇಖ ಕೊಡಬೇಕು. ಅಜ್ಜ ಹೇಳಿದ್ದು ನಿಜವೇ ಇರಬಹುದು, ಆದರೆ ಅಲ್ಲಿ ನಡೆಯೋದಿಲ್ಲ.

ಬರೆದದ್ದನ್ನು ಅಳಿಸಿದರೆ?
ಹೊಸಬರಿಗೆ ಬೇಜಾರಾಗೋದು ಇಲ್ಲೇ. ಲೇಖನದ ‘ಇತಿಹಾಸ’ ಒತ್ತಿದರೆ ಯಾರು ತೆಗೆದರು ಅಂತ ಗೊತ್ತಾಗುತ್ತದೆ, ಕಾರಣವನ್ನೂ ಸಾಮಾನ್ಯವಾಗಿ ಬರೆದಿರುತ್ತಾರೆ. ನಿಮ್ಮ ಹಳೆ ಬರಹವೂ ಅಲ್ಲೇ ಸಿಗುತ್ತದೆ. ಪುನಃ ಪುನಃ ಅದನ್ನೇ ಹಾಕಿ ಜಗಳ ಮಾಡಬೇಡಿ, ‘ಚರ್ಚೆ’ ಪುಟದಲ್ಲಿ ಕೇಳಿ. ಬೇರೆ ಸಂಶಯಗಳಿಗೆ ಕನ್ನಡ ವಿಕಿಪೀಡಿಯದಲ್ಲಿ ‘ಅರಳಿ ಕಟ್ಟೆ’ ಇದೆ.

ಕಲಿಸುವವರಿಗೆ
ನೀವೇ ಟೈಪ್ ಮಾಡಿ ಕೊಡಬೇಡಿ. ಮೊಬೈಲ್ ಕಲಿಯುವವರ ಕೈಯಲ್ಲೇ ಇರಲಿ. ಮೊದಲ ದಿನ ಒಂದು ಸಾಲು, ಒಂದು ಉಲ್ಲೇಖ ಸಾಕು.

ಅಂಗಡಿಯವರಿಗೆ
ಸ್ವಂತ ಹೋಟೆಲ್, ಅಂಗಡಿಯ ಜಾಹೀರಾತು ಹಾಕಿದರೆ ತೆಗೆಯುತ್ತಾರೆ. ಅದಕ್ಕೆ ಗೂಗಲ್ ಮ್ಯಾಪ್ ಇದೆ. ನೀವೇ ತೆಗೆದ ಊರಿನ ಫೋಟೊಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ಆದರೆ ಹಾಕಿದ ಮೇಲೆ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ. ಒಪ್ಪಿಗೆ ಇದ್ದರೆ ಮಾತ್ರ ಹಾಕಿ.