ಕರೆ ಕೂಡದಿರುವುದರ ಇತಿಹಾಸ

ಗರಗದಿಂದ ದುಬೈಗೆ ವಾಟ್ಸಾಪ್ ವಿಡಿಯೋ ಕಾಲ್ ಮಾಡಿದರೆ ರಿಂಗ್ ಆಗಬಹುದು, ಆ ಕಡೆಯವರು ಎತ್ತಲೂಬಹುದು. ಆಮೇಲೆ ‘ಕನೆಕ್ಟಿಂಗ್’ ಎಂಬಲ್ಲೇ ನಿಂತುಬಿಡುತ್ತದೆ. ಮೆಸೇಜು, ಫೋಟೋ ಮಾತ್ರ ಸಲೀಸಾಗಿ ಹೋಗುತ್ತವೆ. ಬೈಸಿಕೊಳ್ಳುವುದು ಹ್ಯಾಂಡ್‌ಸೆಟ್ಟು, ಇಲ್ಲವೇ ಊರಿನ ಟವರು. ಆದರೆ ಕಾರಣ ದೂರವಾಣಿ ವ್ಯಾಪಾರದ ಇತಿಹಾಸದಲ್ಲಿದೆ, ಮತ್ತು ಆ ಇತಿಹಾಸದಲ್ಲಿ ನಾವೂ ಇದ್ದೇವೆ. 1995ರ ಆಗಸ್ಟ್ 15ರಂದು ಸರ್ಕಾರಿ ದೂರವಾಣಿ ಸಂಸ್ಥೆ ವಿಎಸ್‌ಎನ್‌ಎಲ್ ನಮ್ಮ ಜನಕ್ಕೆ ಇಂಟರ್ನೆಟ್ ಕೊಟ್ಟಿತು. ಅದರಲ್ಲಿ ಫೋನಿನಂತೆ ಮಾತಾಡುವುದಕ್ಕೆ ಮಾತ್ರ ಪರವಾನಗಿ ಇರಲಿಲ್ಲ. ಐಎಸ್‌ಡಿ ಕರೆಯ ಏಕಸ್ವಾಮ್ಯವೂ ಅದೇ ಸಂಸ್ಥೆಯದು. ಆ ಏಕಸ್ವಾಮ್ಯ ಕೊನೆಗೊಂಡು ಇಂಟರ್ನೆಟ್ ಕರೆಗೆ ಬಾಗಿಲು ತೆರೆದದ್ದು ಒಟ್ಟೊಟ್ಟಿಗೇ, 2002ರ ಏಪ್ರಿಲ್‌ನಲ್ಲಿ. ಇದನ್ನು ಕಾಕತಾಳೀಯ ಎನ್ನುವವರ ಧೈರ್ಯ ದೊಡ್ಡದು.

ಇಂಟರ್ನೆಟ್ ಕರೆಯನ್ನು ಭದ್ರತೆಗಾಗಿ ತಡೆಯುತ್ತಾರೆ ಎಂಬ ವಾದವಿದೆ. ಕಚೇರಿ, ಕಾಲೇಜುಗಳ ಫೈರ್‌ವಾಲ್‌ಗೆ ಅದು ಬಹುಮಟ್ಟಿಗೆ ಸರಿ: ವೆಬ್ಬಿನ 443ನೇ ಪೋರ್ಟ್ ಬಿಟ್ಟು, ದನಿ-ಚಿತ್ರ ಸಾಗುವ ಯುಡಿಪಿ ದಾರಿ ಮುಚ್ಚಿರುತ್ತಾರೆ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾ ಹಾಕಿದೊಡನೆ ಕರೆ ಕೂಡಿದರೆ ತಡೆ ಆ ವೈಫೈನದ್ದೇ ಇರಬೇಕು. ದೇಶಕ್ಕೆ ದೇಶವೇ ತಡೆದಾಗ ಈ ಪರೀಕ್ಷೆ ನಡೆಯದು, ಭದ್ರತೆಯ ವಾದವೂ ಸೊರಗುತ್ತದೆ. ಗೂಢಲಿಪಿಯ ಮೆಸೇಜು ದಾಟುವ ಕಡೆ ಕರೆಯೊಂದೇ ಏಕೆ ಅಪಾಯಕಾರಿ? ಸೌದಿ ಅರೇಬಿಯಾ 2017ರ ಸೆಪ್ಟೆಂಬರ್‌ನಲ್ಲಿ ತಡೆ ಸಡಿಲಿಸಿತು. ದುಬೈ ಇರುವ ಯುಎಇಯಲ್ಲಿ ದೂರವಾಣಿ ಕಂಪನಿ ಎತಿಸಲಾತ್ 2018ರಲ್ಲಿ ಬೋಟಿಮ್ ಆ್ಯಪ್‌ನ ಕರೆಗೆ ತಿಂಗಳಿಗೆ 50 ದಿರ್ಹಮ್ ಪ್ಯಾಕ್ ತಂದಿತು. ಕೋವಿಡ್ ಬಂದ 2020ರಲ್ಲಿ ಅಲ್ಲಿ ಝೂಮ್, ಟೀಮ್ಸ್‌ಗೂ ದಾರಿ ಸಿಕ್ಕಿತು. ವಾಟ್ಸಾಪ್ ಕರೆಗೆ ಆಗಲೂ ಸಿಗಲಿಲ್ಲ.