ಹಂಡೆ ಎಲ್ಲಿತ್ತು? ಸಿದ್ದಾಪುರದ ಕರನಿರಾಕರಣೆ ಮತ್ತು ನೆನಪು ಉಳಿಸುವ ಕೆಲಸ

ಇವತ್ತಿನ ಕಂತನ್ನ ಹೆಗ್ಗರಣೆಯಿಂದ ಶುರು ಮಾಡ್ತೇನೆ. ಸಿದ್ದಾಪುರ ತಾಲೂಕಿನ ಈ ಊರಿನ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿರೋದು ಒಂದೇ ಕಾರಣಕ್ಕೆ, ಉಂಚಳ್ಳಿ ಜಲಪಾತ. ಇಲ್ಲಿಂದ ಸುಮಾರು 5 ಕಿ.ಮೀ. ಅಘನಾಶಿನಿ ಹೊಳೆ 116 ಮೀಟರ್ ಕೆಳಗೆ ಧುಮುಕುವ ಜಾಗ. ರೀಲ್ಸ್‌ನಲ್ಲಿ ನೋಡಿರ್ತೀರಿ.

ಈ ಜಲಪಾತಕ್ಕೆ ಇನ್ನೂ ಎರಡು ಹೆಸರಿವೆ. ಒಂದು ಲಶಿಂಗ್ಟನ್ ಫಾಲ್ಸ್. ಜೆ.ಡಿ. ಲಶಿಂಗ್ಟನ್ ಅನ್ನೋ ಬ್ರಿಟಿಷ್ ಕಲೆಕ್ಟರ್ 1845ರಲ್ಲಿ ಇದನ್ನ 'ಕಂಡುಹಿಡಿದ' ಅಂತ ಪ್ರವಾಸಿ ಪುಸ್ತಕಗಳು ಬರೆಯುತ್ತವೆ. ಇನ್ನೊಂದು ಕೆಪ್ಪ ಜೋಗ. ನೀರಿನ ಸದ್ದಿಗೆ ಪಕ್ಕದವರ ಮಾತೇ ಕೇಳಿಸೋದಿಲ್ಲ, ಕಿವಿ ಕೆಪ್ಪಾಗ್ತದೆ, ಅದಕ್ಕೆ ಆ ಹೆಸರು. ಕಲೆಕ್ಟರ್ ಬರುವ ಮೊದಲೂ ಆ ಹೊಳೆ ದಂಡೆಯಲ್ಲಿ ಜನ ಇದ್ರು, ಗದ್ದೆ ತೋಟ ಇತ್ತು. ಅವರು ನೋಡದೇ ಇದ್ದ ಜಲಪಾತವನ್ನ ಅವನೇನೂ ಕಂಡುಹಿಡಿಯಲಿಲ್ಲ. ಆದರೆ ಅವನ ಹೆಸರು ಕಾಗದಕ್ಕೆ ಹೋಯಿತು, ಇವರ ಹೆಸರು ಬಾಯಲ್ಲಿ ಉಳೀತು.

ಕಾಗದ ಮತ್ತು ಬಾಯಿ. ಇದೇ ತಾಲೂಕಿನ ಸ್ವಾತಂತ್ರ್ಯ ಹೋರಾಟದ ಕತೆಯಲ್ಲೂ ಇದೇ ತೊಡಕು ಇದೆ, ಅದಕ್ಕೇ ಇದನ್ನ ಮೊದಲು ಹೇಳಿದೆ.

ಸ್ವಲ್ಪ ಹಿನ್ನೆಲೆ. ನಮ್ಮ ಜಿಲ್ಲೆ ಮೊದಲು ಮದರಾಸು ಪ್ರಾಂತ್ಯದಲ್ಲಿತ್ತು, 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಹಾಗಾಗಿ 1930ರ ಹೊತ್ತಿಗೆ ಇಲ್ಲಿಯ ರೈತ ಕಟ್ಟುತ್ತಿದ್ದ ತೀರ್ವೆ ಮುಂಬಯಿ ಸರಕಾರಕ್ಕೆ ಹೋಗ್ತಿತ್ತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಬಂದದ್ದು ಕರನಿರಾಕರಣೆ, ಅಂದರೆ 'ತೀರ್ವೆ ಕೊಡೋದಿಲ್ಲ' ಅನ್ನೋ ಹೋರಾಟ. ಅಂಕೋಲೆಯಲ್ಲಿ ಅದು ಶುರುವಿನಿಂದಲೇ ರಾಜಕೀಯ ಚಳವಳಿ. ಶಿರಸಿ, ಸಿದ್ದಾಪುರದಲ್ಲಿ ಮೊದಲು ಎದ್ದದ್ದು ಹೊಟ್ಟೆಪಾಡಿನ ಮಾತು. ಬೆಳೆ ಸರಿ ಬಂದಿಲ್ಲ, ಜಗತ್ತಿನ ಮಹಾ ಆರ್ಥಿಕ ಕುಸಿತದಲ್ಲಿ ಮಾಲಿಗೆ ರೇಟಿಲ್ಲ, ತೀರ್ವೆ ಎಲ್ಲಿಂದ ಕಟ್ಟೋದು? 1931ರ ಮಾರ್ಚಿನಲ್ಲಿ ಗಾಂಧಿ–ಇರ್ವಿನ್ ಒಪ್ಪಂದ ಆಯಿತು, ಸ್ವಲ್ಪ ದಿನ ತಣ್ಣಗಾಯಿತು. 1932ರಲ್ಲಿ ಮತ್ತೆ ಶುರುವಾದಾಗ ಸಿದ್ದಾಪುರದಲ್ಲೂ ಅದು ಪೂರ್ತಿ ಸ್ವರಾಜ್ಯದ ಹೋರಾಟವೇ ಆಗಿತ್ತು.

ತೀರ್ವೆ ಕೊಡದಿದ್ದರೆ ಏನಾಗ್ತದೆ? ಜಪ್ತಿ. ಮೊದಲು ಪಾತ್ರೆ ಪಗಡೆ, ದನಕರು, ಅಡಿಕೆ. ಆಮೇಲೆ ಗದ್ದೆ, ತೋಟ, ಮನೆ. ಜಪ್ತಿಯಾದದ್ದು ಲಿಲಾವಿಗೆ ಹೋಗ್ತದೆ. ಅಡಿಕೆ ತೋಟ ಅಂದರೆ ಏನಂತ ಪೇಟೆಯ ಕೇಳುಗರಿಗೆ ಹೇಳಬೇಕು. ಇವತ್ತು ಸಸಿ ನೆಟ್ಟು ನಾಳೆ ಕೊಯ್ಯುವ ಬೆಳೆ ಅಲ್ಲ ಅದು. ಅಜ್ಜ ನೆಟ್ಟದ್ದನ್ನ ಮೊಮ್ಮಗ ಕೊಯ್ಯೋದು. ಅಂಥದ್ದನ್ನ ಇನ್ನೊಬ್ಬ ಲಿಲಾವಿನಲ್ಲಿ ಕೂಗಿ ತಗೊಂಡು, ನಿಮ್ಮ ಕಣ್ಣೆದುರೇ ಕೊನೆ ಇಳಿಸ್ತಾ ಇದ್ರೆ ಹೇಗಿರ್ತದೆ?

ಹಾಗೆ ಕೊಂಡವರ ಮನೆ ಬಾಗಿಲಿಗೆ ಹೋಗಿ ಕೂತವರು ಹೆಂಗಸರು. ಜಪ್ತಿಯಾದ ಆಸ್ತಿಯನ್ನ ವಾಪಸ್ ಕೊಡಿ, ಅಲ್ಲಿಯ ತನಕ ಊಟ ಮಾಡೋದಿಲ್ಲ ಅಂತ ವಾರಗಟ್ಟಲೆ ಉಪವಾಸ ಮಾಡಿದ್ರು. ಅಂಗಳ ದಾಟಿ ಹೊರಗೆ ಹೋಗೋದೇ ಅಪರೂಪವಾಗಿದ್ದ ಮನೆಗಳ ಹೆಂಗಸರು ಇವರು. ಎದುರಿಗಿದ್ದವರು ಪೊಲೀಸರಲ್ಲ, ಕಲೆಕ್ಟರನೂ ಅಲ್ಲ. ಆಚೀಚೆ ಊರಿನವರು, ಎಷ್ಟೋ ಸಲ ಗುರುತಿನವರೇ. ಪರದೇಶಿ ಸರಕಾರದ ವಿರುದ್ಧ ಘೋಷಣೆ ಕೂಗೋದಕ್ಕಿಂತ ಗುರುತಿನವರ ಜಗಲಿ ಎದುರು ಹಸಿದು ಕೂರೋದು ಕಷ್ಟ ಅಂತ ನನಗನ್ನಿಸ್ತದೆ.

ಈ ಸತ್ಯಾಗ್ರಹದ ಸ್ಮಾರಕ ಮಾವಿನಗುಂಡಿಯಲ್ಲಿದೆ. ಹೌದು, ಅದೇ ಮಾವಿನಗುಂಡಿ. ಸಿದ್ದಾಪುರದಿಂದ ಜೋಗಕ್ಕೆ ಹೋಗುವಾಗ ಹೊನ್ನಾವರ–ಸಾಗರ ರಸ್ತೆ ಕೂಡುವ ಜಾಗ. ಅಲ್ಲಿ ಗಾಡಿ ನಿಲ್ಲಿಸಿ ಚಾ ಕುಡಿದವರು ನಿಮ್ಮಲ್ಲಿ ಎಷ್ಟೋ ಜನ ಇರಬಹುದು. ಸ್ಮಾರಕ ನೋಡಿದವರು? ನಾನೂ ಚಾ ಕುಡಿದೇ ಹೋಗ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆಸ್ತಿ ಹೋದ ಕುಟುಂಬಗಳು ಅದನ್ನ ಮತ್ತೆ ಕಂಡದ್ದು 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಬಂದು, ಜಪ್ತಿಯಾದ ಜಮೀನು ಮರಳಿಸುವ ಕಾಯ್ದೆ ಮಾಡಿದ ಮೇಲೆ.

ಈಗ ಕಾಗದದ ವಿಷಯಕ್ಕೆ ಬರ್ತೇನೆ. ಈ ಇಡೀ ಪ್ರಕರಣದಲ್ಲಿ ಬರೆದದ್ದು ಯಾರು? ಜಪ್ತಿ ಮಾಡಿದವರು. ಯಾವ ಸರ್ವೆ ನಂಬರು, ಎಷ್ಟು ಬಾಕಿ, ಎಷ್ಟಕ್ಕೆ ಲಿಲಾವು, ಎಲ್ಲ ಸರಕಾರಿ ದಫ್ತರಿನ ಲೆಕ್ಕ. ಉಪವಾಸ ಕೂತವಳು ರಸೀದಿ ಕೊಡೋದಿಲ್ಲ. ಅವಳು ಆ ದಿನ ಮಗುವನ್ನ ಯಾರ ಹತ್ತಿರ ಬಿಟ್ಟು ಬಂದಳು, ಕೊಂಡವನ ಹೆಂಡತಿ ಒಳಗಿಂದ ಏನಂದಳು, ಇದು ಯಾವ ರಿಜಿಸ್ಟರಿನಲ್ಲೂ ಸಿಗೋದಿಲ್ಲ. ಇನ್ನೂ ಒಂದು ಹೆಜ್ಜೆ ಕೆಳಗೆ ಇಳಿಯಿರಿ. ಖಾತೆ ಇದ್ದದ್ದು ಒಡೆಯನ ಹೆಸರಲ್ಲಿ. ಅವನ ಭೂಮಿ ಜಪ್ತಿಯಾದಾಗ ಅದನ್ನೇ ಗೇಣಿಗೆ ಮಾಡ್ತಿದ್ದ ದೀವರ ಮನೆಯವರದ್ದೂ ಅನ್ನ ಹೋಯಿತು. ಈ ಹೋರಾಟ ಬರೀ ಹವ್ಯಕರದ್ದಲ್ಲ, ದೀವರು, ನಾಮಧಾರಿಗಳು ಅದರಲ್ಲಿ ಗಟ್ಟಿಯಾಗಿ ನಿಂತವರು. ಆದರೆ ಖಾತೆ ಇಲ್ಲದವನ ಹೆಸರು ಜಪ್ತಿ ಪಟ್ಟಿಗೆ ಬರೋದಿಲ್ಲ, ಭೂಮಿ ಮರಳುವ ಪಟ್ಟಿಗೂ ಬರೋದಿಲ್ಲ. ಬರೀ ಕಾಗದ ನೋಡಿ ಇತಿಹಾಸ ಬರೆದರೆ ಅವನು ಅಲ್ಲಿ ಇರಲೇ ಇಲ್ಲ ಅಂತಾಗ್ತದೆ.

ಇದನ್ನ ತುಂಬಲು ಪ್ರಯತ್ನ ಆಗಿಲ್ಲ ಅಂತಲ್ಲ. ಚಳವಳಿಯ ಮುಂದಾಳು ರಂಗನಾಥ ದಿವಾಕರರು 'ಕರನಿರಾಕರಣೆಯ ವೀರಕಥೆ' ಬರೆದ್ರು. ಆಮೇಲೆ ಸೂರ್ಯನಾಥ ಕಾಮತ್ ಅವರ ಸಂಪಾದಕತ್ವದಲ್ಲಿ 'ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು' ಸಂಪುಟಗಳು ಬಂದವು, ಹೋರಾಟಗಾರರು ಬದುಕಿದ್ದಾಗಲೇ ಅವರ ಬಾಯಿಂದ ಕೇಳಿ ಬರೆಸಿದ್ದು. ಕ್ಯಾಸೆಟ್ಟೂ ಎಲ್ಲರ ಕೈಯಲ್ಲಿ ಇಲ್ಲದ ಕಾಲದಲ್ಲಿ ಅದು ಸಣ್ಣ ಕೆಲಸ ಅಲ್ಲ. ಹಳೆ ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ.

ಊರಿನ ಮಟ್ಟದಲ್ಲಿ ನೋಡಿದರೆ ನಮ್ಮ ಕಡೆ ಒಳ್ಳೆ ಉದಾಹರಣೆ ಶಿರಸಿ ತಾಲೂಕಿನ ಸೋಂದಾ. ಅಲ್ಲಿಯ ಜಾಗೃತ ವೇದಿಕೆ, ಸ್ವರ್ಣವಲ್ಲೀ ಮಠದ ಜತೆ ಸೇರಿ, ಸೋಂದಾ ಅರಸರ ಇತಿಹಾಸದ ಮೇಲೆ ಸಮ್ಮೇಳನ ನಡೆಸಿಕೊಂಡು ಬಂದಿದೆ. ಹೊರಗಿನ ಸಂಶೋಧಕರು ಬರ್ತಾರೆ, ಊರಿನವರು ಕೂತು ಕೇಳ್ತಾರೆ. ಹೈದರ್ ಅಲಿ ಕಾಲದಲ್ಲಿ ಅರಸು ಗೋವೆಗೆ ಹೋದ ಮೇಲೆ ಕಾಡು ಮುಚ್ಚಿದ ಊರು ಅದು. ಕೋಟೆಯಲ್ಲಿರುವ ಏಕಶಿಲೆಯ ಮಂಚ 'ಯಾವುದೋ ಒಂದು ಕಲ್ಲು' ಆಗದೆ ಉಳಿಯೋದು ಹೀಗೆ ಊರಿನವರೇ ಮುತುವರ್ಜಿ ವಹಿಸಿದಾಗ. ಕೋಟೆ, ಶಾಸನ, ಬಸದಿ ಇದ್ದಲ್ಲಿ ಈ ಥರ ಕೆಲಸಕ್ಕೆ ಒಂದು ಹಿಡಿಕೆ ಸಿಗ್ತದೆ. ಸ್ವಚ್ಛ ಮಾಡಬಹುದು, ಬೋರ್ಡು ಹಾಕಬಹುದು, ಶಾಲೆ ಮಕ್ಕಳನ್ನ ಕರ್ಕೊಂಡು ಹೋಗಬಹುದು. ಕರನಿರಾಕರಣೆಗೆ ಕೋಟೆ ಇಲ್ಲ. ಅದು ನಡೆದದ್ದು ಜಗಲಿಯಲ್ಲಿ, ಅಡಿಗೆಮನೆಯಲ್ಲಿ, ತೋಟದ ದರೆಯಲ್ಲಿ. ಮಾವಿನಗುಂಡಿಯ ಸ್ಮಾರಕ ಜಾಗ ತೋರಿಸ್ತದೆ, ಉಳಿದದ್ದನ್ನ ಮನೆಗಳೇ ಹೇಳಬೇಕು.

ಮನೆಗಳು ಹೇಗಿವೆ ನಿಮಗೆ ಗೊತ್ತು. ನಾಲ್ಕು ತಿಂಗಳ ಮಳೆ, ಅಟ್ಟದ ಮೇಲೆ ಗೆದ್ದಲು. ಮಕ್ಕಳು ಬೆಂಗಳೂರಲ್ಲಿ. ಹಳೆ ತೀರ್ವೆ ಪಾವತಿ, ಜೈಲಿಂದ ಬಂದ ಕಾರ್ಡು ಇದ್ದರೆ ಎಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ. ಹೊಸ ಆರ್‌ಸಿಸಿ ಮನೆ ಕಟ್ಟುವಾಗ ಆ ಪೆಟ್ಟಿಗೆ ಬಚ್ಚಲ ಒಲೆಗೆ ಹೋಗ್ತದೆ. 1932 ನೋಡಿದವರು ಈಗ ಬಹುಮಟ್ಟಿಗೆ ಯಾರೂ ಉಳಿದಿಲ್ಲ. ಅವರಿಂದ ನೇರ ಕೇಳಿದ ಸೊಸೆಯಂದಿರು, ಮೊಮ್ಮಕ್ಕಳು ಇದ್ದಾರೆ, ಎಂಬತ್ತು ದಾಟಿದವರು.

ಅಂಥ ಒಬ್ಬರ ಹತ್ತಿರ ನಾನು ಹೋಗಿದ್ದೆ, ನಮ್ಮೂರ ಕಡೆಯ ಅಮ್ಮಮ್ಮ. ಮೊಬೈಲ್ ರೆಕಾರ್ಡರ್ ಆನ್ ಮಾಡಿಟ್ಟು ಕೇಳಿದೆ. "ತಮಾ, ಅದ್ನೆಲ್ಲಾ ಈಗ ಎಂತಕ್ಕೆ ಕೇಳ್ತೆ?" ಅಂದ್ರು. ಹೀಗೆ ಕೇಳಿದರೆ ಸುಮ್ಮನೆ ಕೂತಿರಿ, ಅದು ಬೇಡ ಅಂತ ಅಲ್ಲ. 'ಸ್ವಾತಂತ್ರ್ಯ ಹೋರಾಟದ ಬಗ್ಗೆ ಹೇಳಿ' ಅಂದರೆ ಅವರು ಗಾಂಧಿ, ನೆಹರೂ ಅಂತಾರೆ, ಶಾಲೆ ಪಾಠ ಒಪ್ಪಿಸ್ತಾರೆ. ನಾನು 'ಜಪ್ತಿಯಲ್ಲಿ ಏನೇನು ಹೋಗಿತ್ತು?' ಅಂತ ಕೇಳಿದೆ. ತಟ್ಟನೆ ತಾಮ್ರದ ಹಂಡೆಯ ಕತೆ ಬಂತು. ಜಪ್ತಿಯವರು ಬರ್ತಾರೆ ಅಂತ ಗೊತ್ತಾಗಿ ಅವರ ಅತ್ತೆ ಹಂಡೆಯನ್ನ ಸೊಪ್ಪಿನ ಬೆಟ್ಟಕ್ಕೆ ಹೊತ್ತುಕೊಂಡು ಹೋಗಿ ದರಕಿನ ರಾಶಿಯಡಿ ಮುಚ್ಚಿಟ್ಟಿದ್ದರಂತೆ. ಹನ್ನೊಂದು ನಿಮಿಷ ಆಗಿತ್ತು, ಫೋನ್ ಸ್ಟೋರೇಜ್ ಫುಲ್. ವಾಟ್ಸ್ಯಾಪಿನ ಗುಡ್ ಮಾರ್ನಿಂಗ್ ಚಿತ್ರಗಳ ಕೃಪೆ. ನೀವು ಹೋಗುವಾಗ ಮೊದಲು ಜಾಗ ಖಾಲಿ ಮಾಡಿಕೊಂಡು ಹೋಗಿ, ಶುರುವಿನಲ್ಲೇ ದಿನಾಂಕ, ಊರು, ಯಾರು ಮಾತಾಡ್ತಿದ್ದಾರೆ ಅಂತ ನಿಮ್ಮ ದನಿಯಲ್ಲೇ ಹೇಳಿ, ಅವರ ಒಪ್ಪಿಗೆಯನ್ನೂ ಅದರಲ್ಲೇ ರೆಕಾರ್ಡ್ ಮಾಡಿ. ಕಾಗದ ಸಿಕ್ಕರೆ ಮನೆಗೆ ತರಬೇಡಿ, ಅಲ್ಲೇ ಬೆಳಕಲ್ಲಿ ಫೋಟೋ ತೆಗೆಯಿರಿ, ಹಿಂಬದಿಯದ್ದೂ.

ಮಳೆಗಾಲ ಮುಗಿದ ಮೇಲೆ ಮತ್ತೆ ಹೋದೆ. ಅದೇ ಪ್ರಶ್ನೆ ಕೇಳಿದೆ. ಈ ಸಲ ಹಂಡೆ ಬೆಟ್ಟಕ್ಕೆ ಹೋಗಲೇ ಇಲ್ಲ. ಜಪ್ತಿಯಲ್ಲಿ ಹೋಗಿ, ಲಿಲಾವಿನಲ್ಲಿ ಕೊಂಡವರ ಮನೆಯಲ್ಲಿದ್ದು, ಅವರ ಮನೆ ಹೆಂಗಸೇ ಒಂದು ರಾತ್ರಿ ತಂದು ಹಿತ್ತಲಲ್ಲಿ ಇಟ್ಟು ಹೋದಳಂತೆ. 'ಹೋದ ಸಲ ಬೆಟ್ಟ ಅಂದಿದ್ರಲ್ಲ ಅಮ್ಮಮ್ಮಾ' ಅಂದೆ. "ಅದು ದೊಡ್ಡ ಹಂಡೆ" ಅಂದ್ರು. ಮನೆಯಲ್ಲಿ ಒಂದೇ ಹಂಡೆ ಇದ್ದದ್ದು ಅಂತ ಒಳಗಿಂದ ಅವರ ಮಗ ಕೂಗಿ ಹೇಳಿದ. ಅದೂ ರೆಕಾರ್ಡ್ ಆಗಿದೆ.

ಯಾವುದು ನಿಜ ಅಂತ ನಾನು ತೀರ್ಮಾನ ಮಾಡಲಿಲ್ಲ. ಎರಡೂ ಫೈಲಿಗೆ ಬೇರೆ ಬೇರೆ ದಿನಾಂಕ ಹಾಕಿ ಎರಡು ಕಡೆ ಇಟ್ಟಿದ್ದೇನೆ. ಹೊರಡುವಾಗ ಹಂಡೆ ತೋರಿಸಿದ್ರು, ಬಚ್ಚಲಲ್ಲಿ ಒಲೆ ಮೇಲೆ, ಮಸಿ ಹಿಡಿದು ಕೂತಿತ್ತು, ನೀರು ಕಾಯ್ತಾ ಇತ್ತು.